ಕರೆತಂದವನ ಹೆಸರು

ನಾನು ಕೆಲಸ ಮಾಡಿದ ಆಸ್ಪತ್ರೆಗೆ ಈ ತಿಂಗಳು ಹೊಸ ಡಾಕ್ಟರೊಬ್ಬಳು ಹೋಗುತ್ತಿದ್ದಾಳೆ. ಮದರಾಸಿನಲ್ಲಿ ಓದು ಮುಗಿಸಿದ ಹುಡುಗಿ, ಮನೆಮಾತು ಕನ್ನಡ. ಹೋಗುವಾಗ ಏನೇನು ಒಯ್ಯಬೇಕು ಎಂದು ಕಾಗದ ಬರೆದು ಕೇಳಿದಳು. ಸೊಳ್ಳೆಪರದೆ, ಒಳ್ಳೆಯ ಲಾಟೀನು, ಎರಡು ಜೊತೆ ಗಟ್ಟಿ ಚಪ್ಪಲಿ ಎಂದು ಉತ್ತರ ಬರೆದೆ. ಅಂಚೆಗೆ ಹಾಕಿದ ಮೇಲೆ, ಮುಖ್ಯವಾದದ್ದನ್ನು ಬರೆಯಲೇ ಇಲ್ಲ ಅನಿಸಿತು. ಅದನ್ನು ಇಲ್ಲಿ ಬರೆಯುತ್ತೇನೆ. ಅವಳಿಗೂ, ಅವಳ ಹಿಂದೆ ಈ ಕೆಲಸಕ್ಕೆ ಬರುವವರಿಗೂ ಆಗಲಿ.

ಆ ಆಸ್ಪತ್ರೆಯ ಹೆಂಗಸರ ವಿಭಾಗದಲ್ಲಿ ನಾನು ಆರು ವರ್ಷ ಇದ್ದೆ. ಧರ್ಮಪುರಿ ಕಡೆಯ ಊರು. ಅಲ್ಲಿಂದ ಕಾವೇರಿಗೆ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ. ಊರಿನ ಹೆಸರನ್ನೂ ಜನರ ನಿಜವಾದ ಹೆಸರುಗಳನ್ನೂ ಬೇಕೆಂದೇ ಬಿಟ್ಟಿದ್ದೇನೆ. ನಾನು ಆ ಕೆಲಸ ಬಿಟ್ಟದ್ದೇಕೆ ಎನ್ನುವುದು ನನ್ನ ಸ್ವಂತ ವಿಷಯ, ಅದೂ ಇಲ್ಲಿ ಬೇಡ. ಹೆರಿಗೆಯ ಬಗ್ಗೆ, ಆಪರೇಷನ್ನಿನ ಬಗ್ಗೆ ಪುಸ್ತಕಗಳಿವೆ. ಪುಸ್ತಕದಲ್ಲಿ ಇಲ್ಲದಿರುವುದು ಡಾಕ್ಟರ ಮೇಜಿನ ಮೇಲಿರುವ ಒಂದು ಫಾರಂ ಬುಕ್ಕಿನ ಕಥೆ. ಏಟು ತಿಂದು, ವಿಷ ಕುಡಿದು, ನೀರಿಗೆ ಬಿದ್ದು ಯಾರೇ ಬಂದರೂ ಅದರಲ್ಲಿ ಒಂದು ಹಾಳೆ ತುಂಬಿ ಪೋಲೀಸು ಠಾಣೆಗೆ ಕಳಿಸಬೇಕು. ರೋಗಿಯ ಹೆಸರು, ಗಾಯದ ವಿವರ, ಕರೆತಂದವರ ಹೆಸರು, ಹೀಗೆ ತುಂಬಬೇಕಾದ ಮನೆಗಳು ಅಚ್ಚಾಗಿರುತ್ತವೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಲ್ಲಂಪಳ್ಳಿ ಕಡೆಯ ಹೆಂಗಸೊಬ್ಬಳು ಹಣೆ ಒಡೆದುಕೊಂಡು ಬಂದಳು. ಒನಕೆ ತಗುಲಿತು ಎಂದಳು. ಐದು ಹೊಲಿಗೆ ಬೇಕಾಗಿತ್ತು. ಎರಡು ಹಾಕಿದ್ದೆ. ಆಗ ಆಯಾ ಮುನಿಯಮ್ಮನಿಗೆ ಆ ಬುಕ್ಕು ತರಲು ಹೇಳಿದೆ.

"ಅದು ಯಾತಕ್ಕಮ್ಮ?" ಎಂದಳು ಹೆಂಗಸು.

"ಪೋಲೀಸರಿಗೆ ತಿಳಿಸಬೇಕು. ಅದು ನಿಯಮ."

ಆಕೆ ಎದ್ದಳು. ಹಣೆಯಿಂದ ದಾರ ಜೋತಾಡುತ್ತಿತ್ತು. ಸೆರಗನ್ನು ಅದರ ಮೇಲೆಯೇ ಎಳೆದುಕೊಂಡು ಹೊರಟಳು. ನಾನು ಜಗಲಿಯವರೆಗೆ ಹಿಂದೆ ಹೋದೆ. "ಎಲ್ಡು ಒಲಿಗೆ ಸಾಕಮ್ಮ," ಎಂದಳು ತಿರುಗಿ ನೋಡದೆ, "ಮಿಚ್ಚದ್ದು ತಾನಾಗೇ ಕೂಡ್ಕತೈತೆ."

ಮುನಿಯಮ್ಮ ಆ ಆಸ್ಪತ್ರೆಯಲ್ಲಿ ನನಗಿಂತ ಹದಿನೈದು ವರ್ಷ ಹಳಬಳು. "ಆ ಬುಕ್ಕ ಒಳಗಿಕ್ಕಿ ಅಮ್ಮ. ಈ ಜನ ನಿಮ್ ಸೂಜಿಗೆ ಎದರಾಕಿಲ್ಲ, ಆ ಬುಕ್ಕಿಗೆ ಎದರ್ತಾರೆ," ಎಂದಳು.

ಕಾನೂನು ಇರುವುದೇ ಇವರ ರಕ್ಷಣೆಗಲ್ಲವೇ ಎಂದು ನಾನು ಕೇಳಿದೆ. "ಇರ್ಬೋದಮ್ಮ. ಓದಿರೋರು ನೀವು," ಎಂದು ಬೇಸಿನ್ನು ತೊಳೆಯಲು ಹೋದಳು. ಅವಳ ಮಾತನ್ನು ನಾನು ಅಜ್ಞಾನ ಎಂದು ಬಗೆದೆ. ನನಗೆ ಆಗ ಇಪ್ಪತ್ತಾರು ವರ್ಷ. ಸರ್ಕಾರದ ಅಚ್ಚಿನ ಕಾಗದದ ಮೇಲೆ ಬರೆದ ಸತ್ಯ ಸರಿಯಾದ ಜಾಗಕ್ಕೇ ತಲುಪುತ್ತದೆ ಎಂದು ನಂಬಿದ್ದೆ.

ಎರಡನೆಯ ವರ್ಷ, ಜಿಲ್ಲೆಯಲ್ಲಿ ಹೆಂಡದಂಗಡಿಗಳು ಇನ್ನೂ ತೆರೆದಿದ್ದಾಗ, ಅಂಗಡಿಯ ಮುಂದೆ ನಿಂತು ಬರುವವರಿಗೆ ಕೈಮುಗಿದು ತಡೆಯುತ್ತಿದ್ದ ಒಬ್ಬ ಮುದುಕಿಯನ್ನು ಪೋಲೀಸರೇ ತಂದು ಹಾಕಿದರು. ಕಾಲುಜಾರಿ ಬಿದ್ದಳು ಎಂದರು. ಅವಳ ಬೆನ್ನ ಮೇಲೆ ಮೂರು ಕೆಂಪು ಬರೆಗಳಿದ್ದವು. ಮೂರೂ ಒಂದೇ ಅಗಲ, ಪ್ರತಿಯೊಂದರ ನಡುವೆ ಬಿಳಿಚಿದ ಗೆರೆ. ಬೀಳುವವರು ಹಾಗೆ ಬೀಳುವುದಿಲ್ಲ. ನಾನು ಆಸ್ಪತ್ರೆಯ ಮುಖ್ಯಸ್ಥರ ಹತ್ತಿರ ಹೋದೆ. ಅವರು ತಂಜಾವೂರಿನವರು, ನಿವೃತ್ತಿಗೆ ಹತ್ತಿರವಾಗಿದ್ದ ಸಾಧು ಮನುಷ್ಯರು. ನಶ್ಯದ ಡಬ್ಬಿ ಮುಚ್ಚಿ, "ಕಂಡದ್ದು ಬರಿ. ಕೇಳಿದ್ದು ಬರೀಬೇಡ. ಲಾಠಿ ಅಂತ ಬರೀಬೇಡ, ಬಿದ್ದಳು ಅಂತಲೂ ಬರೀಬೇಡ. ಉದ್ದ, ಅಗಲ, ಬಣ್ಣ. ಅಷ್ಟೇ ನಮ್ಮ ಕೆಲಸ," ಎಂದರು.

ಹಾಗೆಯೇ ಬರೆದೆ. ಯಾರೂ ಅದನ್ನು ಓದಿದಂತೆ ಕಾಣಲಿಲ್ಲ. ಆದರೂ ಆ ಪಾಠ ಒಳ್ಳೆಯದೇ. ಈಗಲೂ ಹೊಸಬರಿಗೆ ಅದನ್ನೇ ಹೇಳುತ್ತೇನೆ. ಆದರೆ ಗಾಯದ ವಿಷಯದಲ್ಲಿ ಅಷ್ಟು ಎಚ್ಚರ ಕಲಿತ ನಾನು, ಮನುಷ್ಯನ ಹೆಸರಿನ ವಿಷಯದಲ್ಲಿ ಕಲಿಯಲಿಲ್ಲ.

ಅದು ತಮಿಳರ ಆಡಿ ತಿಂಗಳ ಹದಿನೆಂಟನೆಯ ದಿನ ಕಳೆದ ಮಾರನೆಯ ಬೆಳಿಗ್ಗೆ. ಹದಿನೆಂಟರಂದು ಹೊಗೆನಕಲ್ಲಿನಲ್ಲಿ ಹೊಳೆಯ ಪೂಜೆಗೆ, ಸ್ನಾನಕ್ಕೆ ಸುತ್ತಲಿನ ಜನವೆಲ್ಲ ಸೇರುತ್ತಾರೆ. ಎತ್ತಿನ ಗಾಡಿಯೊಂದು ಬಂದು ನಿಂತಿತು. ಕಪ್ಪಗೆ ತೆಳ್ಳಗಿದ್ದ ಮನುಷ್ಯನೊಬ್ಬ ಹುಲ್ಲಿನ ಮೇಲಿಂದ ಹೆಂಗಸೊಬ್ಬಳನ್ನು ಎತ್ತಿ ತಂದು ಜಗಲಿಯ ಮೇಲೆ ಮಲಗಿಸಿ, ಯಾರನ್ನೂ ಕೂಗದೆ ಗಾಡಿಯ ಕಡೆಗೆ ತಿರುಗಿದ. ಏಟು ತಿಂದವರನ್ನು ಜಗಲಿಯ ಮೇಲಿಟ್ಟು ಮಾಯವಾಗುವುದು ಅಲ್ಲಿ ವಾಡಿಕೆ. ನಾನು ಮುನಿಯಮ್ಮನನ್ನು ಕಳಿಸಿ ಅವನನ್ನು ತಡೆಸಿದೆ.

"ನೀನು ಯಾರಪ್ಪ?"

"ಯಾರೂ ಅಲ್ಲಮ್ಮ. ಒಳೇಲಿ ಪರಸಲು ಆಕೋನು." ಹರಿಗೋಲಿಗೆ ಅಲ್ಲಿಯವರು ಹೇಳುವುದು ಪರಸಲು ಎಂದೇ.

"ಈಕೆ ನಿಮ್ಮ ಕಡೆಯವಳಾ?"

"ನಮ್ಮ ಕಡೆಯೋಳಲ್ಲ. ಒಳೆ ಕಡೆಯೋಳು."

ಆಕೆಗೆ ಇಪ್ಪತ್ತು ವರ್ಷವಿರಬಹುದು. ಜ್ವರ ಸುಡುತ್ತಿತ್ತು, ಎದೆಯಲ್ಲಿ ನೀರಿನ ಸದ್ದು. ಅವನು, ತಾನೇ ಹೇಳಿದಂತೆ, ಹೊಳೆಯಲ್ಲಿ ಮುಳುಗುತ್ತಿದ್ದ ಅವಳನ್ನು ಕೂದಲು ಹಿಡಿದು ಎಳೆದು, ದಡದಲ್ಲಿ ಹರಿಗೋಲನ್ನು ಮಗುಚಿ, ಅದರ ಬೆನ್ನಿನ ಮೇಲೆ ಬೋರಲು ಹಾಕಿ ಉರುಳಿಸಿ, ಕುಡಿದ ನೀರನ್ನು ಕಕ್ಕಿಸಿದ್ದ. ಹಾಗೆ ಮಾಡದಿದ್ದರೆ ಅವಳು ಗಾಡಿಯವರೆಗೂ ಬರುತ್ತಿರಲಿಲ್ಲ. ಅದನ್ನು ಅವನಿಗೆ ಹೇಳಿದೆ. ಅವನು ಗಾಡಿಯ ಕಡೆಗೇ ನೋಡುತ್ತಿದ್ದ.

"ಎಣ ಆಗಿದ್ರೆ ತೊಂದರೆ ಇರ್ಲಿಲ್ಲಮ್ಮ," ಎಂದ. "ಎಣ ಬಂದ್ರೆ ಗಣೆ ತಕಂಡು ಆಚೆ ದಡಕ್ಕೆ ನೂಕ್ಬುಡ್ತೀವಿ. ಅದು ಕೊಯಮತ್ತೂರು ಜಿಲ್ಲೆ, ಅವರ ಪೋಲೀಸು ನೋಡ್ಕಳ್ಳಿ ಅಂತ. ಆಚೆಯೋರು ಸುಮ್ನೆ ಇರ್ತಾರಾ? ನಾವು ಉಣ್ಣಾಕೋದಾಗ ಈಚೆಗೆ ನೂಕ್ತಾರೆ. ಒಂದೆಣ ನಾಕು ಸಲ ಒಳೆ ದಾಟಿದ್ದೈತೆ. ಬದುಕಿದ್ದಾಗ ಅಷ್ಟು ದಾಟಿರಾಕಿಲ್ಲ. ಇದು ಉಸಿರಾಡ್ತು. ಉಸಿರಾಡೋದ ಎಲ್ಲಿಗೆ ನೂಕ್ಲಿ?"

ನಾನು ಬುಕ್ಕು ತೆರೆದು ಹೆಸರು ಕೇಳಿದೆ.

"ಪೇರು ಬ್ಯಾಡಮ್ಮ."

"ನೀನು ಜೀವ ಉಳಿಸಿದವನು. ಹೆಸರು ಬರೆದರೆ ಸರ್ಕಾರದವರು ಮೆಚ್ಚುತ್ತಾರೆ. ಏನೂ ಆಗುವುದಿಲ್ಲ. ನಾನಿದ್ದೇನೆ."

ಮುನಿಯಮ್ಮ ನನ್ನ ಮುಖ ನೋಡಿ ನೆಲ ನೋಡಿದಳು. ಅವನು ತಪ್ಪೊಪ್ಪಿಕೊಳ್ಳುವವನ ಹಾಗೆ, "ಮಾದಪ್ಪ," ಎಂದ. ನಾನು ಸ್ಪಷ್ಟವಾದ ಅಕ್ಷರದಲ್ಲಿ ಬರೆದೆ. ಸಾಲದೆಂದು ಕೆಳಗೆ ಒಂದು ವಾಕ್ಯ ಸೇರಿಸಿದೆ: ಈ ವ್ಯಕ್ತಿಯ ಸಮಯಪ್ರಜ್ಞೆಯಿಂದ ರೋಗಿ ಬದುಕಿದ್ದಾಳೆ. ನನ್ನ ಆರು ವರ್ಷದ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಆ ವಾಕ್ಯ. ಔಷಧದ ಅಳತೆ ತಪ್ಪಿದ್ದೂ ಉಂಟು. ಅದು ಇದರಷ್ಟು ಕೆಟ್ಟದ್ದಲ್ಲ.

ಆಕೆಯ ಹೆಸರು ಸಿದ್ದಮ್ಮ ಎಂದಿಟ್ಟುಕೊಳ್ಳಿ. ಪರೀಕ್ಷೆ ಮಾಡಿದಾಗ ಮೊಣಕಾಲಿನಲ್ಲಿ ಬಂಡೆ ತರಚಿದ ಹೊಸ ಗಾಯವಿತ್ತು. ತೋಳುಗಳಲ್ಲಿ, ಬೆನ್ನಿನಲ್ಲಿ ಕಂದುಗಟ್ಟಿದ ಗುರುತುಗಳಿದ್ದವು. ಅವು ಹಳದಿ ಹಸಿರಿಗೆ ತಿರುಗಿದ್ದವು. ಏಟು ಬಿದ್ದ ದಿನ ಗುರುತು ಕೆಂಪಗೆ, ಆಮೇಲೆ ನೀಲಿ, ಹಸಿರಾಗಲು ಐದಾರು ದಿನ ಬೇಕು, ಹಳದಿಗೆ ಇನ್ನೂ ಹೆಚ್ಚು. ಹೊಳೆಗೆ ಬರುವ ಒಂದು ವಾರ ಮುಂಚೆಯೇ ಯಾರೋ ಅವಳನ್ನು ಬಡಿದಿದ್ದರು.

ಮೂರನೆಯ ದಿನ ಜ್ವರ ಇಳಿಯಿತು. ಗಂಜಿ ಕುಡಿಸುತ್ತಿದ್ದಾಗ, "ನಾನೇ ಇಳಿದೆ ಅಮ್ಮ. ಯಾರೂ ನೂಕ್ಲಿಲ್ಲ," ಎಂದಳು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸಾಯಲು ಹೋಗಿ ಸಾಯದೆ ಉಳಿದರೆ ನಮ್ಮ ಕಾನೂನಿನಲ್ಲಿ ಅದು ಅಪರಾಧ, ಜೈಲಿಗೂ ಹಾಕಬಹುದು. ಬಡಿದು ಹೊಳೆಯವರೆಗೆ ಓಡಿಸಿದವನ ಮೇಲೆ ಒಂದು ಚೂರು ಕಾಗದವೂ ಇರುವುದಿಲ್ಲ.

ನಾಲ್ಕನೆಯ ದಿನ ಸಬ್ ಇನ್‌ಸ್ಪೆಕ್ಟರು ಬಂದರು. ಜೊತೆಯಲ್ಲಿ ಸಿದ್ದಮ್ಮನ ಗಂಡ, ಅತ್ತೆ. ಸಬ್ ಇನ್‌ಸ್ಪೆಕ್ಟರು ಒರಟರಲ್ಲ. ನನ್ನಂತೆಯೇ ಮದರಾಸಿನಲ್ಲಿ ಓದಿದವರು, ಇಸ್ತ್ರಿ ಮುರಿಯದ ಬಟ್ಟೆ, ಮೆಲುದನಿ. ಅದಕ್ಕೇ ಅವರ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ನೀವೇ ಯೋಚನೆ ಮಾಡಿ ಡಾಕ್ಟರಮ್ಮ," ಎಂದರು ತಮಿಳಿನಲ್ಲಿ. "ಗೊತ್ತಿಲ್ಲದ ಹೆಂಗಸು. ಈ ಮಾದಪ್ಪ ಒಂದು ದಿನದ ಸವಾರಿ ಬಿಟ್ಟು, ಗಾಡಿ ಹಿಡಿದು, ಘಟ್ಟ ಹತ್ತಿ ಇಷ್ಟು ದೂರ ತಂದಿದ್ದಾನೆ. ಒಳಗೆ ತಪ್ಪಿಲ್ಲದವನು ಯಾಕೆ ಇಷ್ಟೆಲ್ಲ ಮಾಡ್ತಾನೆ?"

ಈ ವಾದವನ್ನು ಹೊಸಬರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಅವಳನ್ನು ನೀರಿಗೇ ಬಿಟ್ಟಿದ್ದರೆ ಮಾದಪ್ಪನ ಮೇಲೆ ಯಾರಿಗೂ ಅನುಮಾನವಿರುತ್ತಿರಲಿಲ್ಲ. ಎತ್ತಿ ತಂದದ್ದೇ ಅವನ ವಿರುದ್ಧ ಸಾಕ್ಷಿಯಾಯಿತು.

ಹೆಂಗಸು ಹೇಳುವುದನ್ನು ಗಂಡನ ಎದುರಿಗೆ ಬರೆದುಕೊಳ್ಳಬೇಡಿ ಎಂದೆ. "ಗಂಡನೇ ತಾನೆ ಅಮ್ಮ, ಬೇರೆ ಯಾರು?" ಎಂದರು. ಸಿದ್ದಮ್ಮ ನೆಲ ನೋಡುತ್ತ ಕೂತಿದ್ದಳು. ಅತ್ತೆಯೇ, "ಹೇಳೇ, ಆ ಪರಸಲು ನಾಯಿ ನಿನ್ನ ಮುಟ್ಟಿದ್ದ ಹೇಳು. ಬಾಯಿಗೆ ಬೀಗ ಆಕವ್ಳೆ ನೋಡಿ ಸಾರ್, ಮನೇಲಾದ್ರೆ ಊರಿಗೇ ಕೇಳ್ತದೆ," ಎಂದು ಕುಟುಕುತ್ತಿದ್ದಳು. ಸಿದ್ದಮ್ಮ ಆಡಿದ್ದು ನಾಲ್ಕೈದು ಮಾತು. ಸಬ್ ಇನ್‌ಸ್ಪೆಕ್ಟರು ಬರೆದದ್ದು ಒಂದು ಪುಟ. ಹರಿಗೋಲಿನಲ್ಲಿ ಮಾದಪ್ಪ ಕೆಟ್ಟ ಉದ್ದೇಶದಿಂದ ಕೈ ಹಾಕಿದ, ಮಾನಕ್ಕೆ ಹೆದರಿ ನೀರಿಗೆ ಹಾರಿದೆ, ಎಂದು ದೂರು. ಅವಳ ಹೆಬ್ಬೆರಳನ್ನು ಅತ್ತೆಯೇ ಹಿಡಿದು ಮಸಿಗೆ ಒತ್ತಿಸಿದಳು.

"ಆ ಗುರುತುಗಳು ವಾರದ ಹಿಂದಿನವು," ಎಂದೆ.

"ಗಾಯ ಇತ್ತು ಅಂತ ಬರೆದರೆ ಸಾಕಲ್ಲ. ಬಣ್ಣ ಯಾಕೆ ಡಾಕ್ಟರಮ್ಮ?"

ನಾನು ಸರ್ಟಿಫಿಕೇಟಿನಲ್ಲಿ ಪ್ರತಿ ಗುರುತಿನ ಉದ್ದ, ಅಗಲ, ಬಣ್ಣ, ವಯಸ್ಸು ಬರೆದೆ. ಅವರು ನಿಂತಲ್ಲೇ ಓದಿ, ಎರಡು ಮಡಿಕೆ ಮಡಿಸಿ ಜೇಬಿಗಿಟ್ಟರು. ಅದೇ ದಿನ ಮಾದಪ್ಪನನ್ನು ಹಿಡಿದರು. ಜಾಮೀನು ಆಗುವವರೆಗೆ ಒಂಬತ್ತು ದಿನ ಸಬ್ ಜೈಲಿನಲ್ಲಿದ್ದ.

ಆ ವಾರವೇ ಮಾದಪ್ಪನ ಹೆಂಡತಿ ಕಾಳಮ್ಮ ಬಂದಳು. ಗೇಟಿನ ಹೊರಗೇ ನಿಂತಳು. ನಾನೇ ಹೋದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ.

"ಆ ಬುಕ್ಕಲ್ಲಿ ನಮ್ಮೋರ ಪೇರು ಬರ್ದವ್ರಂತಲ್ಲ. ಅದ ಅಳಿಸಾಕಾಗ್ತದಾ ಅಮ್ಮ?"

ಆಗುವುದಿಲ್ಲ ಎಂದೆ.

"ರಬ್ಬರು ಇಕ್ಕಿ?"

ಶಾಯಿಯಲ್ಲಿ ಬರೆದದ್ದು ಎಂದೆ. ಆಕೆ ತಲೆಯಾಡಿಸಿ ನಡೆದುಹೋದಳು.

ನಾನು ಠಾಣೆಗೆ ಹೋದೆ. ಮುಖ್ಯಸ್ಥರು ಬೇಡವೆಂದಿದ್ದರು, ಹೆಂಗಸು ಡಾಕ್ಟರು ಠಾಣೆಯ ಮೆಟ್ಟಿಲು ಹತ್ತಿದರೆ ಊರು ಏನೆನ್ನುತ್ತದೆ ಎಂದಿದ್ದರು. ಠಾಣೆಯ ಅಂಗಳದಲ್ಲಿ ಮಾದಪ್ಪನ ಹರಿಗೋಲು ಬಿಸಿಲಿಗೆ ಬಿದ್ದಿತ್ತು. ಅದನ್ನೂ ಕೇಸಿನ ಸೊತ್ತೆಂದು ಗಾಡಿಯಲ್ಲಿ ತಂದಿದ್ದರು. ಬಿದಿರಿನ ತಟ್ಟಿಗೆ ತೊಗಲು ಹೊದಿಸಿದ ಹರಿಗೋಲನ್ನು ದಿನವೂ ನೀರಿಗಿಳಿಸಿ, ಮಗುಚಿ ನೆರಳಿನಲ್ಲಿ ಆರಿಸಬೇಕು. ಇಲ್ಲದಿದ್ದರೆ ತೊಗಲು ಸೆಟೆದು ಬಿರಿಯುತ್ತದೆ. ಅದರ ಅಂಚಿಗೆ ಕೇಸಿನ ಚೀಟಿ ಕಟ್ಟಿತ್ತು. ಒಳಗೆ ಯಾರದೋ ಕೋಳಿ ಕಾವಿಗೆ ಕೂತಿತ್ತು.

ಸಬ್ ಇನ್‌ಸ್ಪೆಕ್ಟರು ಕುರ್ಚಿ ಹಾಕಿಸಿದರು. ನಾನು ಬಣ್ಣದ ವಿಷಯ ಮತ್ತೆ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ, "ನಿಮಗೆ ಈ ಜನ ಗೊತ್ತಿಲ್ಲ. ಇವರು ನಮಗೆ ಒಂದು ನಿಜ ಹೇಳೋದಿಲ್ಲ. ಅದಕ್ಕೇ ನಾವೇ ಊಹೆ ಮಾಡಬೇಕಾಗ್ತದೆ," ಎಂದರು.

"ಮಾದಪ್ಪ ಹೇಳಿದನಲ್ಲ."

"ಇವನೇ ಬಂದು ಹೇಳಿದ. ಅದೇ ಅನುಮಾನ."

ಹೊರಗೆ ಬರುವಾಗ ಪಹರೆಯಲ್ಲಿದ್ದ ಮುದಿ ಕಾನ್‌ಸ್ಟೇಬಲು ದನಿ ತಗ್ಗಿಸಿ, "ಪೇರು ಇಲ್ಲದೆ ಅನುಪ್ಪಿದ್ರೆ ಆಗ್ತಿತ್ತಲ್ಲಮ್ಮ," ಎಂದ. ಹೆಸರಿಲ್ಲದೆ ಕಳಿಸಬಹುದಿತ್ತು. ಆ ಇಲಾಖೆಯಲ್ಲಿ ನನಗೆ ಸತ್ಯ ಹೇಳಿದವನು ಅವನೊಬ್ಬನೇ. ಆ ಮಾತಿಗೆ ನನಗೆ ಬಂದ ಸಿಟ್ಟು ಅವನ ಮೇಲಿನದಲ್ಲ.

ಕೇಸು ಕೋರ್ಟಿಗೆ ಬರಲು ನಾಲ್ಕು ತಿಂಗಳಾಯಿತು. ನಾನು ಸಾಕ್ಷಿ ಹೇಳಿದೆ. ಪೋಲೀಸರ ವಕೀಲರು, ಕಂದಿದ ಗುರುತಿನ ಬಣ್ಣ ನೋಡಿ ದಿನ ಹೇಳಲು ನಾನೇನು ಪಂಚಾಂಗವೇ ಎಂದು ಕೇಳಿದರು, ಕೋರ್ಟಿನಲ್ಲಿ ನಗು. ಐದು ದಿನಕ್ಕೆ ಮುಂಚೆ ಹಸಿರಾಗುವುದಿಲ್ಲ, ಬೇಕಾದರೆ ಪುಸ್ತಕ ತರುತ್ತೇನೆ ಎಂದೆ. ಆಮೇಲೆ ಸಿದ್ದಮ್ಮನನ್ನು ಕರೆದರು. ಗಂಡನನ್ನು ಹೊರಗೆ ಕಳಿಸಿ ಎಂದು ಸಬ್ ಮ್ಯಾಜಿಸ್ಟ್ರೇಟರೇ ಹೇಳಿದರು. ಈ ಮನುಷ್ಯ ನಿನ್ನನ್ನು ಎಲ್ಲಿ ಮುಟ್ಟಿದ ಎಂದು ಕೇಳಿದರು.

"ಕೂದಲ ಇಡ್ದು ಎಳೆದ," ಎಂದಳು ಸಿದ್ದಮ್ಮ. "ಬ್ಯಾರೆ ಎಲ್ಲೂ ಮುಟ್ಟಿಲ್ಲ. ಎಳೀದಿದ್ರೆ ನಾನು ಇಲ್ಲಿ ನಿಂತಿರಾಕಿಲ್ಲ."

ನೀರಿಗೆ ಹೇಗೆ ಬಿದ್ದೆ ಎಂದು ಮ್ಯಾಜಿಸ್ಟ್ರೇಟರು ಕೇಳಲಿಲ್ಲ. ಬೇಕೆಂದೇ ಕೇಳಲಿಲ್ಲ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಮಾದಪ್ಪನನ್ನು ಬಿಟ್ಟರು. ಸಿದ್ದಮ್ಮನ ಅಣ್ಣ ಹರೂರಿನಿಂದ ಬಂದಿದ್ದ. ಗಂಡನ ಮನೆಯವರು ನೋಡುತ್ತಿದ್ದಂತೆಯೇ ತಂಗಿಯನ್ನು ಬಸ್ಸು ಹತ್ತಿಸಿದ. ಅವಳು ಆಮೇಲೆ ಅಲ್ಲಿಯೇ ಇದ್ದಾಳೆ ಎಂದು ಕೇಳಿದ್ದೇನೆ.

ಠಾಣೆಯವರು ಹರಿಗೋಲು ಹಿಂದಕ್ಕೆ ಕೊಟ್ಟರು. ಮಾದಪ್ಪ ಅದರ ತೊಗಲನ್ನು ಬೆರಳಿನಿಂದ ಬಡಿದು ನೋಡಿದ. ತಟ್ಟೆಯ ಹಾಗೆ ಸದ್ದಾಯಿತು. ಒಂದು ಕಡೆ ನಾಯಿ ಕಡಿದಿತ್ತು. "ಕೋಳಿಗೆ ಆಗ್ತದೆ ಬುಡಿ, ಅವುಕ್ಕೆ ಅಭ್ಯಾಸ ಆಗೈತೆ," ಎಂದು ಅಲ್ಲೇ ಬಿಟ್ಟು ಹೋದ. ಹೊಸದಕ್ಕೆ ತೊಗಲು ಸಿಕ್ಕಿ, ಕಟ್ಟಿ ಮುಗಿಸುವ ಹೊತ್ತಿಗೆ ಹೊಳೆಯಲ್ಲಿ ನೀರು ಇಳಿದುಹೋಗಿತ್ತು. ಆ ವರ್ಷದ ಸವಾರಿ ಅವನಿಗೆ ಇಲ್ಲವಾಯಿತು. ಯಾರೂ ಅವನ ಕ್ಷಮೆ ಕೇಳಲಿಲ್ಲ. ಬಿಟ್ಟರಲ್ಲ, ಇನ್ನೇನು ಬೇಕಂತೆ ಎಂದು ಠಾಣೆಯಲ್ಲಿ ಆಡಿಕೊಂಡರಂತೆ.

ಆಮೇಲೆ ನಾನು ನನ್ನ ಪದ್ಧತಿ ಬದಲಾಯಿಸಿದೆ. ಮೊದಲು ಎಲ್ಲ ಹೊಲಿಗೆ ಮುಗಿಸಿ, ಆಮೇಲೆ ಬುಕ್ಕು ತೆಗೆಯುತ್ತಿದ್ದೆ. ಏನು ಬರೆಯುತ್ತೇನೆ ಎಂದು ರೋಗಿಗೆ ಕನ್ನಡದಲ್ಲೋ ತಮಿಳಿನಲ್ಲೋ ಮೊದಲೇ ಓದಿ ಹೇಳುತ್ತಿದ್ದೆ. ಗಂಡಂದಿರನ್ನು ಹೊರಗೆ ನಿಲ್ಲಿಸುತ್ತಿದ್ದೆ. ಕರೆತಂದವರ ಹೆಸರು ಎಂಬಲ್ಲಿ ದಾರಿಹೋಕರು ಎಂದು ಬರೆಯುತ್ತಿದ್ದೆ. ಇದು ನಿಯಮಕ್ಕೆ ಸರಿಯಲ್ಲವೆಂದು ಮುಖ್ಯಸ್ಥರು ಒಮ್ಮೆ ಹೇಳಿ, ಮತ್ತೆ ಹೇಳಲಿಲ್ಲ.

ಮಾರನೆಯ ವರ್ಷ ಹೊಳೆ ತುಂಬಿದ್ದ ದಿನಗಳಲ್ಲಿ ಒಂದು ಹೆಂಗಸಿನ ಶವ ಬಂತು. ಕೆಳಗಿನ ಮಡುವಿನಲ್ಲಿ ಪೊದೆಗೆ ಸಿಕ್ಕಿಕೊಂಡಿತ್ತಂತೆ. ಗುರುತು ಹಿಡಿಯುವವರು ಯಾರೂ ಬರಲಿಲ್ಲ. ಮುಖ್ಯಸ್ಥರು ರಜೆಯ ಮೇಲಿದ್ದುದರಿಂದ ಶವಪರೀಕ್ಷೆ ನಾನೇ ಮಾಡಿದೆ. ಎರಡು ಮುಷ್ಟಿಗಳೂ ಬಿಗಿದಿದ್ದವು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಒಳಗೆ ನೀರುಹುಲ್ಲು, ಮರಳು. ಸತ್ತಮೇಲೆ ನೀರಿಗೆ ಬಿದ್ದವರು ಏನನ್ನೂ ಹಿಡಿಯುವುದಿಲ್ಲ. ಈಕೆ ಸಿಕ್ಕಿದ್ದನ್ನೆಲ್ಲ ಹಿಡಿದಿದ್ದಳು. ಬಹಳ ಹೊತ್ತು ಬದುಕಿದ್ದಳು.

ಎರಡು ದಿನ ಬಿಟ್ಟು ಕಾಳಮ್ಮ ಹೆರಿಗೆಗೆ ಬಂದಳು. ಮಾದಪ್ಪ ಜೊತೆಗಿದ್ದ. ಕಷ್ಟದ ಹೆರಿಗೆ, ಮಧ್ಯಾಹ್ನಕ್ಕೆ ಹೆಣ್ಣುಮಗುವಾಯಿತು. ಹೇಳಲು ಹೊರಗೆ ಬಂದೆ. ಅವನು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಮಗು, ತಾಯಿ ಇಬ್ಬರೂ ಚೆನ್ನಾಗಿದ್ದಾರೆ ಎಂದೆ. ಕೈ ಮುಗಿದ. ಆಮೇಲೆ, ನಾನು ಕೇಳದೆಯೇ ಹೇಳಿದ.

"ಆ ಎಂಗ್ಸು ನನ್ನ ಪರಸಲು ಪಕ್ಕದಾಗೇ ಓಯ್ತಮ್ಮ."

"ಯಾವ ಹೆಂಗಸು?"

"ನೀವು ಮೊನ್ನೆ ಕುಯ್ದ್ರಲ್ಲ, ಅದು. ಕೈ ಆಡ್ತಿತ್ತು."

"ನೀನೇನು ಮಾಡಿದೆ?"

"ಮೊಕ ತಿರುಗಿಸ್ಕಂಡು ಕುಂತೆ."

ಏನು ಹೇಳುವ ಹಕ್ಕು ನನಗಿತ್ತು ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ಈಜು ಬಲ್ಲವನು, ನೀರನ್ನು ಕಕ್ಕಿಸಬಲ್ಲವನು, ಒಂದು ಜೀವ ಉಳಿಸಿದ್ದವನು. ಅಂಥವನನ್ನು ಮುಖ ತಿರುಗಿಸಿ ಕೂರುವಂತೆ ಮಾಡಲು ಒಂದು ಇಲಾಖೆಗೆ ನಾಲ್ಕು ತಿಂಗಳು ಸಾಕಾಯಿತು. ಅದಕ್ಕೆ ಮೊದಲ ಕಾಗದವನ್ನು ನಾನು ಕಳಿಸಿದ್ದೆ.

ಮಾರನೆಯ ದಿನ ಅದೇ ಸಬ್ ಇನ್‌ಸ್ಪೆಕ್ಟರು ಶವಪರೀಕ್ಷೆಯ ವರದಿಗೆ ಬಂದರು. ನಿಜವಾಗಿಯೇ ಬೇಸರಪಟ್ಟುಕೊಂಡಂತೆ ಕಂಡರು.

"ಅಷ್ಟು ಜನ ಪರಸಲು ಹಾಕುವ ಜಾಗ. ಹಾಡುಹಗಲು. ಒಬ್ಬನೂ ನೋಡಿಲ್ಲವಂತೆ. ಜನಕ್ಕೆ ಮನಸ್ಸಾಕ್ಷಿಯೇ ಇಲ್ಲ ಡಾಕ್ಟರಮ್ಮ," ಎಂದರು. ಆಮೇಲೆ ಪುಸ್ತಕ ತೆಗೆದು, "ಹೊಳೆ ಕಡೆಯ ಹೆಂಗಸರು ನಿಮ್ಮ ಹತ್ತಿರ ಬರ್ತಾರಲ್ಲ. ಯಾರಾದರೂ ಏನಾದರೂ ಹೇಳಿದರಾ?" ಎಂದು ಕೇಳಿದರು.

ಗೋಡೆಯ ಆಚೆ ಕಾಳಮ್ಮನ ಮಗು ಅಳುತ್ತಿತ್ತು. ಮಾದಪ್ಪ ಹೆಂಡತಿಗೆ ಬಿಸಿನೀರು ತರಲು ಮುನಿಯಮ್ಮನನ್ನು ಕೇಳುತ್ತಿರುವುದು ನನಗೆ ಕೇಳಿಸಿತು.

"ಇಲ್ಲ. ಯಾರೂ ಏನೂ ಹೇಳಿಲ್ಲ," ಎಂದೆ.

ಅವರು ಬರೆದುಕೊಂಡರು.